ಮಾಥುಸೊಳ ಕರಿಬಟ್ಟೆ

ಫೆಬ್ರವರಿ ಹದಿನೇಳು, ಬುಧವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಹಾ ಮೊರೆಪುಲಿ ಎಂಬ ಬೆಟ್ಟದೂರಿನ ಪೊಲೀಸ್ ಠಾಣೆಯ ಮೆಟ್ಟಿಲ ಬಳಿ ಮುದುಕನೊಬ್ಬ ಕುದುರೆಯಿಂದ ಇಳಿದ. ಹೆಸರು ರಾಪಿತ್ಸೊ, ವಯಸ್ಸು ಅರುವತ್ತೇಳು. ಇಪ್ಪತ್ತಾರು ವರ್ಷ ಗಡಿಯಾಚೆಯ ಚಿನ್ನದ ಗಣಿಯಲ್ಲಿ ದುಡಿದು, ಅಲ್ಲಿಯ ಧೂಳನ್ನು ಎದೆಯೊಳಗೆ ತುಂಬಿಕೊಂಡು ಊರಿಗೆ ಮರಳಿದವನು. ಹ್ಯಾಟನ್ನು ಎದೆಗೊತ್ತಿ ಹಿಡಿದು, ಉಸಿರು ತಹಬಂದಿಗೆ ಬರುವ ತನಕ ನಿಂತಿದ್ದು ಒಳಗೆ ಬಂದ.

ಇನ್ಸ್‌ಪೆಕ್ಟರ್ ಮೊಖೆಸೆಂಗ್ ಆಗಷ್ಟೇ ತನ್ನ ಬುತ್ತಿಯಲ್ಲಿ ಉಳಿದ ಜೋಳದ ಮುದ್ದೆಯನ್ನು ಠಾಣೆಯ ನಾಯಿಗೆ ಹಾಕಿ ಕೈ ತೊಳೆಯುತ್ತಿದ್ದರು.

"ಕಳವಾಗಿದೆ, ನ್ತಾತೆ. ಬರ್ಕೊಳ್ಳಿ," ಎಂದ ರಾಪಿತ್ಸೊ. ಆ ಸೀಮೆಯಲ್ಲಿ ಗಂಡಸರನ್ನು ಗೌರವದಿಂದ ಕರೆಯುವುದು 'ನ್ತಾತೆ' ಎಂದು, ಹೆಂಗಸರನ್ನು 'ಮ್ಮೆ' ಎಂದು.

"ಏನು ಕಳವು?"

"ಶೋಕದ ಕರಿಬಟ್ಟೆ. ಮ್ಮೆ ಮಾಥುಸೊ ಅವರದ್ದು. ನಿನ್ನೆ ಮಧ್ಯಾಹ್ನ ಒಣಗೋಕೆ ಹಾಕಿದ್ರಂತೆ, ತಂತಿ ಮೇಲಿಂದ ಹೋಯ್ತು. ಹಿಟ್ಟಿನ ಗಿರಣಿಯಲ್ಲಿ ಸುದ್ದಿ ಕೇಳಿ ಬಂದೆ."

"ಆಕೆ ನಿಮಗೇನಾಗ್ಬೇಕು?"

"ಇನ್ನೂ ಏನೂ ಆಗಿಲ್ಲ. ಅದಕ್ಕೇ ಬಂದಿದ್ದು."

ಮೂಲೆಯ ಮೇಜಿನಲ್ಲಿದ್ದ ಮಹಿಳಾ ಕಾನ್‌ಸ್ಟೇಬಲ್ ದಿಮಕತ್ಸೊ ನಗು ತಡೆಯಲು ಕಡತದೊಳಗೆ ಮುಖ ಹುದುಗಿಸಿದಳು.

ಮೊಖೆಸೆಂಗ್ ನಗಲಿಲ್ಲ. ಮಾಥುಸೊಳ ಗಂಡ ತೀರಿಕೊಂಡು ಬರುವ ಶನಿವಾರಕ್ಕೆ ವರ್ಷ ತುಂಬುತ್ತದೆ. ಅಂದು ಗಂಡನ ಅಕ್ಕ ಎಲ್ಲರೆದುರು ಆ ಬಟ್ಟೆಯನ್ನು ವಿಧವೆಯ ಹೆಗಲಿನಿಂದ ತನ್ನ ಕೈಯಾರೆ ತೆಗೆದು ಬೆಂಕಿಗೆ ಹಾಕಬೇಕು. ಆಮೇಲೆಯೇ ಆಕೆ ಬಣ್ಣದ ಬಟ್ಟೆ ಉಡಬಹುದು, ಮತ್ತೊಬ್ಬನ ಮಾತಿಗೆ ಕಿವಿಗೊಡಬಹುದು. ಬಟ್ಟೆಯೇ ಇಲ್ಲವೆಂದರೆ ಊರಿನ ಹಿರಿಯರು ಹೇಳುವುದು ಒಂದೇ: ಹೊಸ ಬಟ್ಟೆ ಹೊದಿಸಿ, ವರ್ಷ ಮೊದಲಿನಿಂದ ಎಣಿಸಿ.

"ಆಕೆಯನ್ನೇ ಕಳಿಸಿ. ದೂರು ಅವರೇ ಕೊಡಬೇಕು."

"ಹೇಗೆ ಬರ್ತಾರೆ? ಕರಿಬಟ್ಟೆ ಇಲ್ದೆ ಹೊಸಿಲು ದಾಟೋ ಹಾಗಿಲ್ವಲ್ಲ!"

ಇನ್ಸ್‌ಪೆಕ್ಟರಿಗೆ ತಮ್ಮ ಪ್ರಶ್ನೆಯ ಬಗ್ಗೆ ನಾಚಿಕೆಯಾಯಿತು. "ಪರಿಚಯ ಹೇಗೆ?"

"ಕ್ಲಿನಿಕ್ಕಲ್ಲಿ. ರಕ್ತದೊತ್ತಡದ ಮಾತ್ರೆ ಕೊಡೋ ಗುರುವಾರ, ಸರದಿಗೆ ಕಲ್ಲಿಟ್ಟು ನೆರಳಲ್ಲಿ ಕೂತ್ಕೋತೀವಲ್ಲ. ನಾನು ಬೇಗ ಹೋಗಿ ನನ್ನ ಕಲ್ಲಿನ ಹಿಂದೆ ಅವರದ್ದೊಂದು ಇಡ್ತಿದ್ದೆ."

"ಮಾತುಕತೆ?"

"ಶೋಕದಲ್ಲಿರೋ ಹೆಂಗಸಿನ ಹತ್ರ ಮಾತಾಡ್ತಾರಾ, ನ್ತಾತೆ? ಕಲ್ಲು ಅಷ್ಟೇ."

"ಮತ್ತೆ ಆಕೆಗೂ ಮನಸ್ಸಿದೆ ಅಂತ ಹೇಗೆ ಗೊತ್ತು?"

ರಾಪಿತ್ಸೊ ಹ್ಯಾಟಿನ ಅಂಚನ್ನು ಸುತ್ತಲೂ ಸವರಿದ. "ಹೋದ ತಿಂಗಳು ಕುದುರೆ ಕುಂಟಿ ನನಗೆ ತಡ ಆಯ್ತು. ಹೋಗಿ ನೋಡಿದ್ರೆ ನನ್ನ ಕಲ್ಲು ಇತ್ತು. ಅವರ ಕಲ್ಲಿನ ಮುಂದೆ." ಸ್ವಲ್ಪ ಕೆಮ್ಮಿ, "ಇನ್ನೊಂದು ವರ್ಷ ಅಂದ್ರೆ ಬೇರೆಯವರಿಗೆ ಸಣ್ಣ ಮಾತು. ನನ್ನೆದೆ ಕೇಳಿದಾಗೆಲ್ಲ ಡಾಕ್ಟರು ಮುಖ ಆ ಕಡೆ ತಿರುಗಿಸ್ತಾರೆ," ಎಂದ.

ಎಂಟು ನಲವತ್ತಕ್ಕೆ ಪ್ರಥಮ ವರ್ತಮಾನ ವರದಿ ದಾಖಲಾಯಿತು. ಇನ್ಸ್‌ಪೆಕ್ಟರೂ ಕಾನ್‌ಸ್ಟೇಬಲ್ಲೂ ಕುದುರೆ ಏರಿದರು.

ಮಾಥುಸೊಳದು ದುಂಡು ಗೋಡೆಯ ಹುಲ್ಲುಮಾಡಿನ ಮನೆ. ಎದುರಿಗೆ, ಅದೇ ಅಂಗಳದ ಆಚೆ ಬದಿಗೆ, ಅದರದೇ ಜೋಡಿಯಂಥ ಇನ್ನೊಂದು. ಅದು ಗಂಡನ ಅಕ್ಕ ಪುಸೆಲೆತ್ಸೊಳದು. ಆಕೆಯೂ ಗಂಡ ಸತ್ತು ತವರಿಗೆ ಮರಳಿ ಮೂವತ್ತು ವರ್ಷ. ಈಗ ವಯಸ್ಸು ಎಪ್ಪತ್ತೊಂದು. ಎರಡು ಮನೆಗೂ ಒಲೆ ಒಂದೇ.

ಮಾಥುಸೊ ಅರ್ಧ ಮುಚ್ಚಿದ ಬಾಗಿಲ ಹಿಂದಿನಿಂದಲೇ ಹೇಳಿಕೆ ಕೊಟ್ಟಳು. ದನಿ ಮಾತ್ರ ಕೇಳಿಸುತ್ತಿತ್ತು, ಅರುವತ್ತೊಂದು ವರ್ಷದವಳ ದನಿಯಂತಿರಲಿಲ್ಲ.

"ಬಟ್ಟೆ ಒಗೆದಿದ್ದು ಯಾರು?"

"ಅಕ್ಕ. ಅವಳ ಹೊರತು ಬೇರೆಯವರು ಅದನ್ನ ಮುಟ್ಟೋ ಹಾಗಿಲ್ಲ."

"ತಂತಿ ಮೇಲೆ ಬೇರೇನಿತ್ತು?"

"ಹೊಸ ಕಂಬಳಿ, ಎರಡು ಹಾಸು. ಎಲ್ಲ ಹಾಗೇ ಇದೆ. ಪೊಲೀಸರು ನೋಡೋ ತನಕ ಏನೂ ಮುಟ್ಟಬೇಡ ಅಂತ ಅಕ್ಕನಿಗೆ ನಾನೇ ಹೇಳಿದೆ. ದೂರು ಕೊಟ್ಟಿದ್ದು ಯಾರು?"

"ಗಣಿಯ ರಾಪಿತ್ಸೊ."

"ಆ ಕೆಮ್ಮಿಟ್ಕೊಂಡು ಬೆಟ್ಟ ಹತ್ತಿ ಬಂದ್ರಾ? ಬುದ್ಧಿ ಇಲ್ಲ." ಬೈಗುಳವನ್ನು ಅಷ್ಟು ಮೆತ್ತಗೆ ಆಡಿದ್ದನ್ನು ಮೊಖೆಸೆಂಗ್ ಬಹಳ ದಿನದಿಂದ ಕೇಳಿರಲಿಲ್ಲ.

ಹತ್ತು ಐವತ್ತಕ್ಕೆ ಪಂಚನಾಮೆ ಆರಂಭವಾಯಿತು. ಪೀಚ್ ಮರದಿಂದ ಕಂಬಕ್ಕೆ ಬಿಗಿದ ತಂತಿ. ಬೆಲೆಬಾಳುವ ಕಂಬಳಿ ತನ್ನ ಪಾಡಿಗೆ ತೂಗುತ್ತಿತ್ತು. ಅದರ ಪಕ್ಕದಲ್ಲಿ ಖಾಲಿ ಜಾಗ. ದಿಮಕತ್ಸೊ ಮರದ ಬುಡದಲ್ಲಿದ್ದ ತಗಡಿನ ಡಬ್ಬಿಯನ್ನು ಎತ್ತಿ ತೋರಿಸಿದಳು.

"ನ್ತಾತೆ, ಕಳ್ಳ ಎರಡು ಕ್ಲಿಪ್ಪನ್ನೂ ತೆಗೆದು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿ ಹೋಗಿದಾನೆ. ನನ್ನ ಗಂಡನೇ ಇಷ್ಟು ಅಚ್ಚುಕಟ್ಟಿಲ್ಲ!"

ಮೊಖೆಸೆಂಗ್ ಡಬ್ಬಿಯನ್ನು ನೋಡಿದರು, ಬಳಿಕ ಅಂಗಳದ ಒಲೆಯ ಕಡೆ ನೋಡಿದರು. ಆ ಬಟ್ಟೆಯನ್ನು ಕಂಡರೆ ಊರಿಗೆ ಊರೇ ಬಳಸಿ ನಡೆಯುತ್ತದೆ. ಹೆದರದೆ ಅದನ್ನು ಮುಟ್ಟಬಲ್ಲ ಕೈಗಳು ಎರಡೇ.

ಆ ಕೈಗಳು ಒಲೆಯ ಮೇಲೆ ಗಂಜಿ ತಿರುವುತ್ತಿದ್ದವು. ಬೇಸಗೆಯ ನಡುಹಗಲು, ಎದುರಿಗೆ ಉರಿ. ಆದರೂ ಪುಸೆಲೆತ್ಸೊ ಹೊದ್ದ ಕಂಬಳಿಯನ್ನು ಕತ್ತಿನವರೆಗೆ ಎಳೆದು ಪಿನ್ನು ಹಾಕಿದ್ದಳು. ಹಣೆಯಿಂದ ಬೆವರು ಇಳಿಯುತ್ತಿತ್ತು.

"ನಿನ್ನೆ ಮಧ್ಯಾಹ್ನ ಎಲ್ಲಿದ್ರಿ, ಮ್ಮೆ?"

"ಇಲ್ಲೇ. ಇನ್ನೆಲ್ಲಿಗೆ ಹೋಗ್ಲಿ, ಕುಣಿಯೋಕಾ?"

"ಯಾರಾದ್ರೂ ಬಂದಿದ್ರಾ?"

"ಆ ಗಣಿಯವನ್ನ ಕೇಳಿ. ಈ ವಯಸ್ಸಲ್ಲಿ ಮೀಸೆಗೆ ಎಣ್ಣೆ ಹಚ್ಕೊಂಡು, ಕಂಡೋರ ಹೆಂಗಸರಿಗೆ ಕಲ್ಲಿಡ್ತಾನೆ!"

"ಕಲ್ಲಿನ ವಿಷಯ ನಿಮಗೆ ಗೊತ್ತಿತ್ತು?"

ಸೌಟು ನಿಂತಿತು.

"ಮ್ಮೆ," ಎಂದರು ಮೊಖೆಸೆಂಗ್, ದನಿ ತಗ್ಗಿಸಿ, "ಬೆವರ್ತಾ ಇದೀರಿ. ಕಂಬಳಿ ತೆಗೀರಿ."

ದಿಮಕತ್ಸೊ ಮುಂದೆ ಬಂದಳು; ಮುದುಕಿ ಆಕೆಯ ಕೈ ಸರಿಸಿ ತಾನೇ ಪಿನ್ನು ಬಿಚ್ಚಿದಳು. ಕಂಬಳಿಯ ಕೆಳಗೆ, ಎರಡು ಮಡಿಕೆ ಮಾಡಿ ಹೆಗಲ ಸುತ್ತ ಹೊದ್ದ ಕರಿಬಟ್ಟೆಯಿತ್ತು.

"ಹಿಟ್ಟಿನ ಡಬ್ಬದಲ್ಲಿ ಬಚ್ಚಿಟ್ಟಿದ್ರೆ ನಮಗೆ ಸಿಕ್ತಾನೇ ಇರ್ಲಿಲ್ಲ!" ಎಂದು ದಿಮಕತ್ಸೊಳ ಬಾಯಿಂದ ಬಂದುಬಿಟ್ಟಿತು.

ಪುಸೆಲೆತ್ಸೊ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಡಬ್ಬದಲ್ಲಾ? ನನ್ನ ತಮ್ಮನ ಹೆಸರಿನ ಬಟ್ಟೆ ಅದು. ವರ್ಷ ಮುಗಿಯೋ ತನಕ ಮೈಮೇಲೇ ಇರ್ಬೇಕು. ನಿಮ್ಮ ಕಾಲದೋರಿಗೆ ಒಂದು ರೀತಿ ನೀತಿ ಇಲ್ಲ."

ಹನ್ನೊಂದು ನಲವತ್ತಕ್ಕೆ ದಸ್ತಗಿರಿ. ವಶಪಡಿಸಿಕೊಂಡ ಮಾಲನ್ನು ರಸೀದಿ ಪಡೆದು ಸ್ಥಳದಲ್ಲೇ ಮಾಲೀಕಳಿಗೆ ಒಪ್ಪಿಸಲಾಯಿತು. ಅದನ್ನು ಹೊದ್ದು ಹೊಸಿಲು ದಾಟಿದ ಮಾಥುಸೊ ಮೊದಲು ಮಾಡಿದ ಕೆಲಸವೆಂದರೆ ಒಲೆಯ ಉರಿ ತೆಗೆದು ಗಂಜಿ ಇಳಿಸಿದ್ದು. ಎರಡನೆಯದು, ಆರೋಪಿಯ ಜೊತೆಗೆ ತಾನೂ ಠಾಣೆಗೆ ಹೊರಟದ್ದು. ಇಬ್ಬರನ್ನೂ ಕುದುರೆಗಳ ಮೇಲೆ ಕೂರಿಸಿ ಪೊಲೀಸರು ಲಗಾಮು ಹಿಡಿದು ನಡೆದರು.

ರಾಪಿತ್ಸೊ ಇನ್ನೂ ಠಾಣೆಯ ಮೆಟ್ಟಿಲ ಮೇಲೆಯೇ ಇದ್ದ. ಬಟ್ಟೆಯನ್ನು ಕಂಡು ಎದ್ದ. ಹಿಂದೆ ಬಂದ ಪುಸೆಲೆತ್ಸೊಳನ್ನು ಕಂಡು ಮತ್ತೆ ಕುಳಿತ.

"ಯಾಕೆ ತೆಗೆದ್ರಿ, ಮ್ಮೆ?" ಎಂದು ಕೇಳಿದರು ಮೊಖೆಸೆಂಗ್, ಹೇಳಿಕೆಯ ಹಾಳೆ ಮುಂದಿಟ್ಟುಕೊಂಡು.

"ಶನಿವಾರ ಅವಳ ಹೆಗಲಿಂದ ನನ್ನ ಕೈಯಾರೆ ತೆಗೀಬೇಕು. ತೆಗೆದ್ರೆ ಅವಳು ಹೊಳೆ ದಾಟಿ ಅವನ ಮನೆಗೆ ಹೋಗ್ತಾಳೆ. ತೆಗೆಯಲ್ಲ ಅಂದ್ರೆ ಊರು ಉಗಿಯುತ್ತೆ." ಮುದುಕಿ ತನ್ನ ಬರಿಗೈ ನೋಡಿಕೊಂಡಳು. "ತಮ್ಮ ದುಡಿಯೋಕೆ ಗಡಿಯಾಚೆನೇ ಇರ್ತಿದ್ದ. ಮೂವತ್ತು ವರ್ಷದಿಂದ ಬೆಳಿಗ್ಗೆದ್ದು ನಮ್ಮಿಬ್ಬರಿಗೆ ಹುಳಿಗಂಜಿ ಮಾಡಿದೀನಿ. ಒಬ್ಬಳಿಗೆ ಮಾಡೋಕೆ ನನಗೆ ಬರಲ್ಲ."

"ಒಂದು ಮಾತು ನನ್ನ ಕೇಳೋಕೆ ಆಗ್ಲಿಲ್ವಾ, ಅಕ್ಕ?" ಎಂದಳು ಮಾಥುಸೊ.

"ಕೇಳಿದ್ರೆ ಉತ್ತರ ಬರ್ತಿತ್ತು. ಅದಕ್ಕೇ ಕೇಳ್ಲಿಲ್ಲ."

ಮೊಖೆಸೆಂಗ್ ಹೇಳಿಕೆಯ ಹಾಳೆಯನ್ನು ಪಕ್ಕಕ್ಕಿಟ್ಟು, ಆರೋಪಿಯನ್ನು ಬಿಡಬೇಕಾದರೆ ಖಾಯಂ ವಿಳಾಸವುಳ್ಳ ಒಬ್ಬರ ಜಾಮೀನು ಬೇಕೆಂದು ತಿಳಿಸಿದರು. ಬಾಗಿಲ ಬಳಿಯಿಂದ ಕೆಮ್ಮು ಕೇಳಿಸಿತು.

"ನಾನಿದೀನಿ."

"ದೂರು ಕೊಟ್ಟೋರೇ ಜಾಮೀನಾ?"

"ಶನಿವಾರಕ್ಕೆ ಅವರ ಕೈ ಬೇಕಲ್ಲ, ನ್ತಾತೆ. ವಿಳಾಸ ಬರ್ಕೊಳ್ಳಿ: ಹೊಳೆ ಆಚೆ, ತಗಡಿನ ಮಾಡು, ಎರಡು ಕೋಣೆ. ಮೂರನೇದಕ್ಕೆ ಕಲ್ಲು ತಂದು ಹಾಕಿದೀನಿ. ಅವರಿಗೆ ಮೂರು ಜನಕ್ಕೆ ಗಂಜಿ ಮಾಡೋಕೆ ಬರುತ್ತಾ, ಕೇಳಿ."

ಪುಸೆಲೆತ್ಸೊ ಅವನ ಕಡೆ ನೋಡಲಿಲ್ಲ. ಗೋಡೆಗೆ ಹೇಳುವವಳಂತೆ, "ಗಣಿಯ ಊಟ ತಿಂದ ನಾಲಿಗೆ. ಒಳ್ಳೆ ಗಂಜಿ ಕೊಟ್ರೆ ಅದಕ್ಕೇನು ತಿಳಿಯುತ್ತೆ?" ಎಂದಳು.

"ಕಲಿಸಿ," ಎಂದ ರಾಪಿತ್ಸೊ.

ಮಾಥುಸೊ ಕರಿಬಟ್ಟೆಯ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಅಳುವೋ ನಗುವೋ, ಕಾನ್‌ಸ್ಟೇಬಲ್‌ಗೆ ತಿಳಿಯಲಿಲ್ಲ. ಮೂರು ಗಂಟೆಗೆ ದೂರು ಹಿಂತೆಗೆದುಕೊಂಡ ಅರ್ಜಿಗೆ ರಾಪಿತ್ಸೊ ಸಹಿ ಹಾಕಿದ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಪುಸೆಲೆತ್ಸೊ ತಮ್ಮನ ಹೆಂಡತಿಯ ಹೆಗಲಿನಿಂದ ಬಟ್ಟೆ ತೆಗೆದಳು. ಎರಡು ಮಡಿಕೆ ಮಾಡಿ ತಾನೇ ಬೆಂಕಿಗಿಟ್ಟಳು. ಬಂದೋಬಸ್ತಿನ ನೆಪದಲ್ಲಿ ಬಂದಿದ್ದ ಇನ್ಸ್‌ಪೆಕ್ಟರ್ ಬೆಂಕಿ ಆರುವವರೆಗೆ ಹ್ಯಾಟು ತೆಗೆದು ನಿಂತಿದ್ದರು.

ಸೋಮವಾರ ಬೆಳಿಗ್ಗೆ ಕಡತ ಮುಚ್ಚುವ ಕೆಲಸ. 'ಅಪರಾಧದ ಕಾರಣ' ಎಂಬ ಕಲಮಿನಲ್ಲಿ ಮೊಖೆಸೆಂಗ್ ಮೊದಲು 'ಭಯ' ಎಂದು ಬರೆದರು. ಅದನ್ನು ಹೊಡೆದುಹಾಕಿ, ನಿಧಾನವಾಗಿ, ಅಂದವಾದ ಅಕ್ಷರಗಳಲ್ಲಿ ಬರೆದರು: 'ಆರೋಪಿಗೆ ಒಬ್ಬಳಿಗಾಗುವಷ್ಟು ಮಾತ್ರ ಗಂಜಿ ಮಾಡಲು ಬರುವುದಿಲ್ಲ.'

ಬಳಿಕ ತಮ್ಮ ಬುತ್ತಿ ಬಿಚ್ಚಿದರು. ಹೆಂಡತಿ ತೀರಿಕೊಂಡು ನಾಲ್ಕು ವರ್ಷ. ಮುದ್ದೆ ಎಂದಿನಂತೆ ಇಬ್ಬರಿಗಾಗುವಷ್ಟಿತ್ತು. ಠಾಣೆಯ ನಾಯಿ ತನ್ನ ಪಾಲಿಗಾಗಿ ಬಾಗಿಲಲ್ಲಿ ಬಂದು ಕುಳಿತಿತ್ತು.