ಸೂತಕದಲ್ಲಿ ನಿಂತ ಹಾಡುಗಳು

ಬಿಡುಗಡೆಗೆ ಮೊದಲೇ ಆಲ್ಬಮ್ ಕಳುವಾಗಿತ್ತು. ವಿಜಯನಗರದ ಸ್ಟುಡಿಯೋದಲ್ಲಿ ರೆಕಾರ್ಡ್ ಆದ ಭಕ್ತಿಗೀತೆಗಳೆಲ್ಲ ಒಂದು ಟೆಲಿಗ್ರಾಂ ಚಾನೆಲ್‌ನಲ್ಲಿ ಪುಕ್ಕಟೆ ಸಿಗುತ್ತಿದ್ದವು. ಹಾಕಿದವರ ಹೆಸರಿರಲಿಲ್ಲ.

ಮಾಲೀಕ ಮಧುಕುಮಾರ್ ನನ್ನ ಅಣ್ಣ ಅಮರೇಶನತ್ತ ಬೆರಳು ತೋರಿಸಿದರು. ಅಣ್ಣ ಅಲ್ಲಿ ಹಾಡುಗಳನ್ನು ರೆಕಾರ್ಡ್ ಮಾಡುವವನು. ನಾನು ಅವನ ಊಟದ ಡಬ್ಬಿ ಹಿಡಿದು ಬಾಗಿಲಲ್ಲೇ ನಿಂತಿದ್ದೆ.

"ಸ್ಟುಡಿಯೋ ಕಂಪ್ಯೂಟರ್ ಪಾಸ್‌ವರ್ಡ್ ಇವನಿಗೆ, ನಮ್ಮ ಮನೇಲಿರೋರಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ ಮೇಡಂ."

"ನಾ ಮಾಡಿಲ್ರೀ!"

ಸಬ್ ಇನ್‌ಸ್ಪೆಕ್ಟರ್ ಚೇತನಾ ಅಣ್ಣನ ಫೋನ್ ತೆರೆದರು. ತುಂಬಾ ಪೈರಸಿ ಸಿನಿಮಾಗಳಿದ್ದವು.

"ಇದೂ ಕಳ್ಳತನಾನೇ ಕಣಪ್ಪ," ಅಂದರು ಮಾಲೀಕರ ತಾಯಿ ವಿಮಲಮ್ಮ.

"ಎಲ್ಲಾರೂ ನೋಡ್ತಾರ್ರೀ ಅಮ್ಮಾ."

ಪಕ್ಕದ ಪೇದೆ ಮೆಲ್ಲಗೆ ತನ್ನ ಫೋನ್ ಜೇಬಿಗಿಳಿಸಿದ. ಅಣ್ಣನನ್ನು ಜೀಪಿಗೆ ಹತ್ತಿಸಿದರು. ನಾನೂ ಡಬ್ಬಿ ಹಿಡಿದೇ ಹಿಂದೆ ಹೋದೆ.

* * *

ಠಾಣೆಯಲ್ಲಿ ಚೇತನಾ ಚಾನೆಲ್ ತೋರಿಸಿದರು. ದಿನಕ್ಕೊಂದು ಹಾಡು. ನಡುವೆ ಕೆಲವು ದಿನ ಏನೂ ಇಲ್ಲ. ಆಮೇಲೆ ಮತ್ತೆ ಶುರು.

ಆ ಖಾಲಿ ದಿನಗಳ ತಾರೀಖನ್ನು ನಾನು ಬೆರಳಲ್ಲಿ ಎಣಿಸಿದೆ. ಅಣ್ಣನ ಮಾಲೀಕರ ಮನೆಯ ವಿಷಯ ಬಾಯಿ ಬಿಡಲು ಭಯ. ಬಿಡದಿದ್ದರೆ ಅಣ್ಣ ಜೈಲಿಗೆ.

"ಮೇಡಂ, ಆಗ ಮಾಲೀಕರ ದೊಡ್ಡಪ್ಪ ಕೆಂಗೇರಿಯಲ್ಲಿ ತೀರ್ಕೊಂಡಿದ್ರು. ಅವರ ಮನೆಗೆ ಸೂತಕ. ಸ್ಟುಡಿಯೋದ ದೇವರ ಫೋಟೋಗೂ ಹೂವಿಲ್ಲ, ದೀಪ ಇಲ್ಲ. ಅಣ್ಣ ಮಾತ್ರ ದಿನಾ ಕೆಲಸ ಮಾಡಿದ."

ಚೇತನಾ ಟೋಪಿ ಎತ್ತಿಕೊಂಡರು. "ನಡಿಯಮ್ಮ."

* * *

"ಅಮರೇಶನಿಗೆ ಸೂತಕ ಇರಲಿಲ್ಲ. ಅವನು ಹಾಡು ಹಾಕೋದು ನಿಲ್ಲಿಸೋ ಕಾರಣ ಇಲ್ಲ," ಅಂದರು ಚೇತನಾ, ಮಾಲೀಕರ ಮನೆಯ ಹಜಾರದಲ್ಲಿ ನಿಂತು. "ಸಾವಾದ ದಿನ ನಿಲ್ಲಿಸಿ, ತಿಥಿ ಮುಗಿದ ಮರುದಿನ ಶುರು ಮಾಡಿದವರು ಈ ಮನೆಯವರೇ. ಮಧುಕುಮಾರ್ ತಮ್ಮ ವ್ಯಾಪಾರ ತಾವೇ ಹಾಳು ಮಾಡ್ಕೊಳಲ್ಲ. ಮನೆಯಲ್ಲಿ ಇನ್ನಿರೋದು ನೀವೊಬ್ಬರೇ, ವಿಮಲಮ್ಮ."

ವಿಮಲಮ್ಮ ಸೆರಗು ಹೊದ್ದು ಕುಳಿತರು.

"ಸೂತಕದಲ್ಲಿ ದೇವರ ಹಾಡು ಮುಟ್ಟೋಕಾಗುತ್ತಾ?" ಅಂದರು. "ಹೌದು, ನಾನೇ ಹಾಕ್ದೆ. ಸಿನಿಮಾ ಕದಿಯೋದು ಪಾಪ. ಇದು ಹಾಗಲ್ಲ. ಎಲ್ರಿಗೂ ಹಂಚೋ ಪ್ರಸಾದ. ಇದಕ್ಕೆ ಬೀಗ ಹಾಕಿ ಮಾರ್ತಾನೆ ಇವನು!"

"ಅಮ್ಮಾ..." ಮಧುಕುಮಾರ್ ಕುರ್ಚಿ ಹಿಡಿದು ಕುಳಿತರು.

ನಾನು ಕೇಳಿಯೇ ಬಿಟ್ಟೆ. "ಅಣ್ಣನ್ನ ಎಳ್ಕೊಂಡು ಹೋಗೋವಾಗ ಯಾಕ ಸುಮ್ಮನಿದ್ರಿ ಅಮ್ಮಾ?"

ಅವರು ಮಗನ ಮುಖ ನೋಡಿದರು, ಆಮೇಲೆ ನೆಲ.

"ಹೆದರ್ಕೊಂಡೆ ಕಣೇ."

ಹೆದರಿಕೆ ಏನೆಂದು ನನಗೆ ಗೊತ್ತಿತ್ತು. ಆದರೂ ಅವರ ಹತ್ತಿರ ಹೋಗಲಿಲ್ಲ. ಅಣ್ಣನನ್ನು ಬಿಡಿಸಲು ಚೇತನಾರಿಗಿಂತ ಮೊದಲೇ ಹೋಗಿ ಜೀಪಿನಲ್ಲಿ ಕುಳಿತೆ.