ಹಲಗೆಯ ಹಿಂದಿನ ಮೂರಡಿ

"ಗೋಡೆಗೆ ಒತ್ತಿ ಇಡಿ ಸಾರ್. ಹಿಂದೆ ಒಂದಿಂಚೂ ಜಾಗ ಬಿಡಬೇಡಿ."

ರಿಪೇರಿ ಅಂಗಡಿಯ ಅಜ್ಜ ಈ ಮಾತನ್ನು ಹೇಳುತ್ತಿದ್ದುದು ಮೂರನೇ ಸಲ. ಮೊದಲೆರಡು ಸಲ, ಸ್ಪೀಕರ್ ಕೊಳ್ಳಲು ಬಂದಿದ್ದ ಅವನು ಕಿವಿಗೆ ಹಾಕಿಕೊಂಡಿರಲಿಲ್ಲ. ಅವನಿಗೆ ಹಾಗೆ ಮಾಡುವ ಹಕ್ಕೂ ಇತ್ತು ಅನ್ನಿ; ಇಪ್ಪತ್ತು ವರ್ಷದಿಂದ ಆಸ್ಪತ್ರೆಯಲ್ಲಿ ಜನರ ಕಿವಿ ಪರೀಕ್ಷೆ ಮಾಡುವವನು, ಎಲ್ಲರ ಬಾಯಲ್ಲೂ ಕಿವಿ ಮೇಷ್ಟ್ರು. ದನಿಯ ವಿಚಾರದಲ್ಲಿ ಅವನಿಗೆ ಪಾಠ ಹೇಳುವುದೆಂದರೇನು!

"ಅಜ್ಜಾ, ಇಂಥ ಸ್ಪೀಕರ್ ಮುಂದಕ್ಕೆ ಎಷ್ಟು ಹಾಡುತ್ತೋ ಹಿಂದಕ್ಕೂ ಅಷ್ಟೇ ಹಾಡುತ್ತೆ. ಹಿಂದೆ ಮೂರಡಿ ಬಿಡ್ಲೇಬೇಕು. ಗೋಡೆಗೆ ಒತ್ತಿದ್ರೆ ದನಿ ಸತ್ತೋಗುತ್ತೆ."

"ಸಾಯ್ಲಿ ಬಿಡಿ" ಎಂದ ಅಜ್ಜ.

ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಹಲಗೆಯಂಥ ಎರಡು ಸ್ಪೀಕರ್ ನಿಂತಿದ್ದವು. ಎದೆಯೆತ್ತರ, ಆದರೆ ದಪ್ಪ ಒಂದು ಹಳೆಯ ಡಿಕ್ಷನರಿಯಷ್ಟೂ ಇಲ್ಲ. ಮುಂದೊಂದು, ಹಿಂದೊಂದು ತೂತು ತೂತಿನ ತಗಡು. ನಡುವೆ ಈರುಳ್ಳಿ ಸಿಪ್ಪೆಗಿಂತ ತೆಳುವಾದ ಪ್ಲಾಸ್ಟಿಕ್ ಪೊರೆ. ಕರೆಂಟು ಹರಿದರೆ ಆ ಪೊರೆಯೇ ನಡುಗಿ ದನಿಯಾಗುತ್ತದೆ. ಹೊಸದಾದರೆ ಅವನ ಸಂಬಳಕ್ಕೆ ಎಟುಕುವ ಮಾಲಲ್ಲ. ಇಲ್ಲಿ ಎರಡೂ ಚಿಲ್ಲರೆ ದುಡ್ಡಿಗೆ ಸಿಗುತ್ತಿದ್ದವು.

ಅಜ್ಜ ಒಂದು ಹಲಗೆಯನ್ನು ಬಗ್ಗಿಸಿ ಬುಡ ತೋರಿಸಿದ. ಚೌಕಟ್ಟಿನ ಸುತ್ತ ಕಪ್ಪು ದಾರ. ದಾರದೊಳಗೆ ಹೆಣೆದ ಕೂದಲು. ಅದರಡಿ ಗೀರುಗೀರು ಗುರುತಿನ ಸೀಸದ ತುಂಡು. ಸುಟ್ಟ ಕೂದಲಿನ ವಾಸನೆ ಮೂಗಿಗೆ ಅಡರಿತು.

"ಒಬ್ಬ ತಾಯಿ ಮಾಡಿಸಿದ್ದು ಇದು. ಸತ್ತ ಮಗನ ದನಿ ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ ಕೇಳ್ಬೇಕು ಅಂತ. ಪೊರೆ ಎಳೆದು ಕಟ್ಟಿದೋನು ನಾನು. ಆಮೇಲೆ ಅವಳು ಮಾಟಗಾರನ್ನ ಕರೆಸಿದ್ಲು." ಅಜ್ಜ ದನಿ ತಗ್ಗಿಸಿದ. "ಸತ್ತವರ ದನಿ ಹಾಕಿದ್ರೆ ಮುಂದೆ ಕೊಡುತ್ತೆ ಸಾರ್. ಕೊಟ್ಟಷ್ಟನ್ನೂ ಹಿಂದೆ ನಿಂತವರ ಬಾಯಿಂದ ಕಿತ್ಕೊಳ್ಳುತ್ತೆ. ಅವಳ ಗಂಡ ಇದರ ಹಿಂದೆ ಮಂಚ ಹಾಕ್ಕೊಂಡು ಮಲಗ್ತಿದ್ದ. ವರ್ಷದೊಳಗೆ ಮೂಗನಾಗಿಬಿಟ್ಟ."

"ಲಕ್ವ ಹೊಡೆದಿರುತ್ತೆ ಬಿಡಿ" ಎಂದು ಅವನು ನಕ್ಕ. "ಅಷ್ಟು ಭಯ ಇದ್ರೆ ಸುಟ್ಟು ಹಾಕದೆ ಯಾಕೆ ಇಟ್ಕೊಂಡಿದೀರ?"

ಅಜ್ಜ ತನ್ನ ಕೈಗಳನ್ನೇ ನೋಡಿಕೊಂಡ. "ನಾನೇ ಕಟ್ಟಿದ್ದಲ್ವಾ. ಸುಡೋಕೆ ಕೈ ಬರಲಿಲ್ಲ."

ಅವನು ಹಲಗೆಗಳನ್ನು ಹಳೆಯ ಕಂಬಳಿಯಲ್ಲಿ ಸುತ್ತಿಕೊಂಡು ಮನೆಗೆ ತಂದ.

ಅವನಿಗೆ ಬೇಕಾಗಿದ್ದು ಹಾಡಲ್ಲ. ಒಂದೇ ಒಂದು ಕ್ಯಾಸೆಟ್. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಬದುಕಿದ್ದಾಗ ಅವಳು ಅವನ ಕೆಲಸಕ್ಕೆಂದು ಇಪ್ಪತ್ತೈದು ಪದಗಳ ಪಟ್ಟಿಯೊಂದನ್ನು ಓದಿ ರೆಕಾರ್ಡ್ ಮಾಡಿಕೊಟ್ಟಿದ್ದಳು. ಮನೆ. ಬೆಕ್ಕು. ಹಾಲು. ಒಂದೊಂದು ಪದವಾದ ಮೇಲೂ ನಾಲ್ಕು ಸೆಕೆಂಡು ಖಾಲಿ. ಆ ಬಿಡುವಿನಲ್ಲಿ ರೋಗಿ ತಾನು ಕೇಳಿದ್ದನ್ನು ತಿರುಗಿ ಹೇಳಬೇಕು. ಎಷ್ಟು ಸರಿ ಹೇಳಿದರೋ ಕಿವಿ ಅಷ್ಟು ಚೆನ್ನ. ಕೊನೆಯ ಪದ 'ಅಪ್ಪ'. ಅದಾದ ಮೇಲೆ ಅವಳು ಉಸ್ಸೆಂದು ಉಸಿರುಬಿಟ್ಟು, "ಸಾಕೇನ್ರೀ? ಗಂಟಲು ಒಣಗಿಹೋಯ್ತು. ನೀರು ಕೊಡಿ" ಅನ್ನುತ್ತಾಳೆ. ಅಲ್ಲಿಗೆ ಟೇಪು ಮುಗಿಯುತ್ತದೆ. ಅವಳ ದನಿ ಎಂದು ಈ ಭೂಮಿಯ ಮೇಲೆ ಉಳಿದಿದ್ದು ಅಷ್ಟೇ. ಫೋಟೋ ಬೇಕಾದಷ್ಟಿದ್ದವು, ಆದರೆ ಫೋಟೋ ಮಾತಾಡುತ್ತದೆಯೇ?

ಭಾನುವಾರ ಮಧ್ಯಾಹ್ನ ಅಳತೆಪಟ್ಟಿ ಹಿಡಿದು ಹಲಗೆಗಳನ್ನು ನಿಲ್ಲಿಸಿದ. ಗೋಡೆಯಿಂದ ಸರಿಯಾಗಿ ಮೂರಡಿ. ತನ್ನ ಕುರ್ಚಿಗೆ ನೆಲದ ಮೇಲೆ ಟೇಪು ಅಂಟಿಸಿ ಗುರುತು ಮಾಡಿದ. ಪರದೆ ಎಳೆದ. ಹಲಗೆಗಳ ಬುಡದಲ್ಲಿ ಎರಡು ಕೆಂಪು ದೀಪ ಹೊತ್ತಿಕೊಂಡವು.

"ಮನೆ" ಎಂದಳು ಅವಳು.

ಅಯ್ಯೋ ದೇವರೇ! ಅದು ಟೇಪಿನ ದನಿಯಾಗಿರಲಿಲ್ಲ. ಮಾತಿಗೆ ಮುಂಚೆ ತುಟಿ ಬಿಚ್ಚಿದ ಸದ್ದು ಕೇಳಿಸಿತು. ಉಸಿರು ಕೇಳಿಸಿತು. ಎರಡು ಹಲಗೆಗಳ ನಡುವೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಅವಳು ನಿಂತಿದ್ದಳು. ಅವಳ ಒದ್ದೆ ಕೂದಲಿನ ವಾಸನೆಯೂ ಬಂದಂತಾಯಿತು. ಅವನು ಕಣ್ಣು ಮುಚ್ಚಿಕೊಂಡು ಮಕ್ಕಳ ಹಾಗೆ ಅತ್ತುಬಿಟ್ಟ.

"ಅಪ್ಪಾ! ಅಮ್ಮ ಇಲ್ಲೂ ಇದ್ದಾಳೆ!"

ಮಗಳು ಹಲಗೆಯ ಹಿಂದೆ, ಆ ಮೂರಡಿ ಸಂದಿಯಲ್ಲಿ ನುಸುಳಿ ಕೂತಿದ್ದಳು. ಆರು ವರ್ಷದ ಹುಡುಗಿ. ಹುರಿದ ಬಟಾಣಿ ಸಿಡಿದ ಹಾಗೆ ಮಾತಾಡುತ್ತಾಳೆಂದು ತಾಯಿಯೇ ಇಟ್ಟಿದ್ದ ಹೆಸರು ಬಟಾಣಿ. ತಾಯಿಯ ದನಿ ಅವಳಿಗೆ ಮರೆತೇಹೋಗಿತ್ತು; ಇದು ಅಮ್ಮನ ದನಿ ಎಂದು ಮೊದಲೇ ಹೇಳಿಟ್ಟವನು ಅವನೇ.

"ಬೆಕ್ಕು" ಎಂದಳು ತಾಯಿ. "ಬೆಕ್ಕು" ಎಂದು ಹಿಂದಿನಿಂದ ಮಗಳು. "ಹಾಲು." "ಹಾಲು."

ಅಜ್ಜನ ಮಾತು ಅವನ ನೆನಪಿಗೆ ಬರಲಿಲ್ಲವೇ? ಬಂತು. ಬಂದರೂ ಮೂಗು ಮುರಿದು ಸುಮ್ಮನಾದ. ಎರಡು ವರ್ಷದ ಮೇಲೆ ಮನೆಯಲ್ಲಿ ಮೂರು ದನಿ ಕೇಳುತ್ತಿರುವಾಗ, ಮಗುವನ್ನು ಅಲ್ಲಿಂದ ಎಬ್ಬಿಸಲು ಯಾವ ತಂದೆಗೆ ಮನಸ್ಸು ಬಂದೀತು?

ಇನ್ನೊಂದು ಪದ ಹೇಳಿ ಅವಳು ಬೇಸರ ಬಂದು ಎದ್ದು ಓಡಿದಳು. ಮರುದಿನ ಬೆಳಿಗ್ಗೆ ಅವನು ಲೋಟ ಮುಂದೆ ಹಿಡಿದಾಗ, "ಅದು... ಬೆಳ್ಳಗಿರುತ್ತಲ್ಲ, ಅದು ಬೇಡಪ್ಪಾ" ಎಂದಳು. ಕಾಂಪೌಂಡಿನ ಮೇಲೆ ಕೂತಿದ್ದ ಬೆಕ್ಕನ್ನು ನೋಡಿ ಬೆರಳು ತೋರಿಸಿ, ಬಾಯಿ ತೆರೆದು, "ಮಿಯಾಂವ್" ಎಂದು ನಿಲ್ಲಿಸಿದಳು. ಹುಡುಗಾಟ ಅಂದುಕೊಂಡ. ಸಂಜೆ ಅವಳು ಮತ್ತೆ ಹಲಗೆಯ ಹಿಂದೆ ಕೂತಳು. ಮರುದಿನ ಇನ್ನೆರಡು ಪದ ಹೆಚ್ಚು. ಆಮೇಲೆ ಇನ್ನೂ ಮೂರು. ವಾರದ ಕೊನೆಗೆ ಬಟಾಣಿ ಮಾತಿನ ನಡುವೆ ಕುಂಟತೊಡಗಿದಳು. ನೀರು ಬೇಕಾದರೆ ಗಂಟಲು ಮುಟ್ಟಿ ತೋರಿಸುವಳು. ಶಾಲೆಯಿಂದ ಟೀಚರು ಚೀಟಿ ಕಳಿಸಿದರು: ಮಗು ಯಾಕೋ ಮಾತು ಕಮ್ಮಿ ಮಾಡಿದೆ, ಒಮ್ಮೆ ತೋರಿಸಿ.

ಅಜ್ಜನ ಮಾತು ಮತ್ತೆ ನೆನಪಾಯಿತು. ಆದರೂ ತಲೆ ಓಡಿದ್ದು ತನ್ನ ಕಸುಬಿನ ದಾರಿಯಲ್ಲೇ. ಕಿವಿಯೊಳಗೆ ನೀರು ತುಂಬಿದ ಮಕ್ಕಳು ಹೀಗೇ ಮಾತು ಬಿಡುತ್ತವೆ. ಅಂಥ ನೂರಾರು ಮಕ್ಕಳನ್ನು ನೋಡಿದವನು ಅವನು. ಕಿವಿ ನೋಡಬೇಕು. ನೋಡಲು ಮನೆಯಲ್ಲೇ ಪಟ್ಟಿಯಿದೆ, ಸ್ಪೀಕರ್ ಇದೆ. ಮಗು ಅಲುಗದೆ ಕೂರುವ ಜಾಗ ಒಂದೇ, ಹಲಗೆಯ ಹಿಂದೆ.

"ಅಮ್ಮ ಹೇಳಿದ್ದನ್ನೆಲ್ಲ ಹೇಳ್ಬೇಕು ಬಟಾಣಿ. ಒಂದನ್ನೂ ಬಿಡಬಾರದು. ಆಯ್ತಾ?"

ಅವಳು ತಲೆ ಅಲ್ಲಾಡಿಸಿದಳು.

ಅವನು ಪರದೆ ಎಳೆದು, ಕಾಗದ ಪೆನ್ನು ಹಿಡಿದು ಕೂತ. ತಾಯಿ ಹೇಳಿದಳು. ಮಗಳು ಹೇಳಿದಳು. ಮರೆತ ಪದಗಳೂ ಅವಳ ಬಾಯಿಂದ ಸಲೀಸಾಗಿ ಬಂದವು. ಚಾಪೆ. ನೀರು. ಬಳೆ. ಗೂಡು. ಅವನು ಒಂದೊಂದಕ್ಕೂ ಸರಿ ಗುರುತು ಹಾಕುತ್ತ ಹೋದ. ದನಿ ಪದದಿಂದ ಪದಕ್ಕೆ ತೆಳುವಾಗುತ್ತಿದೆ ಎಂದು ಅವನಿಗೆ, ಕಿವಿ ಮೇಷ್ಟ್ರಿಗೆ, ಗೊತ್ತಾಗಲಿಲ್ಲ.

"ಅಪ್ಪ."

"ಅಪ್ಪ."

ಇಪ್ಪತ್ತೈದಕ್ಕೆ ಇಪ್ಪತ್ತೈದು! ಕಿವಿಯಲ್ಲಿ ಏನೂ ದೋಷವಿಲ್ಲ. ಅವನು ಪೆನ್ನು ಕೆಳಗಿಟ್ಟ. "ಬಾ ಕಂದಾ" ಎಂದು ಕೈ ಚಾಚಿದ.

ಮಗಳು ಸಂದಿಯಿಂದ ಹೊರಬಂದಳು. ಅವನನ್ನು ನೋಡಿದಳು. ಬಾಯಿ ತೆರೆದಳು. ತುಟಿ ಅಲುಗಿತು, ಗಂಟಲ ನರ ಉಬ್ಬಿತು. ಸದ್ದಿಲ್ಲ. ಕೊನೆಯ ಪದದ ಜೊತೆಗೆ ದನಿಯೂ ಹೋಗಿತ್ತು. ಅವಳು ಎರಡೂ ಕೈಯಲ್ಲಿ ಕತ್ತು ಹಿಡಿದುಕೊಂಡು ಅಳತೊಡಗಿದಳು. ಆ ಅಳುವಿಗೂ ಸದ್ದಿರಲಿಲ್ಲ.

ಟೇಪು ಮುಗಿದು ಖಟ್ ಎಂದು ನಿಂತಿತು. ಆದರೂ ಹಲಗೆಗಳು ಮಾತಾಡಿದವು.

"ಮನೆ" ಎಂದಿತು ಹೆಂಡತಿಯ ದನಿ. ಆಮೇಲಿನ ನಾಲ್ಕು ಸೆಕೆಂಡು ಖಾಲಿಯಿರಬೇಕಿತ್ತು. "ಮನೆ" ಎಂದಿತು ಪುಟ್ಟ ದನಿ, ಪೊರೆಯೊಳಗಿಂದ. "ಬೆಕ್ಕು." "ಬೆಕ್ಕು."

ಮಗಳನ್ನು ಎತ್ತಿಕೊಂಡು ಅಂಗಡಿಗೆ ಓಡಿದ. ಅಜ್ಜನಿಗೆ ಏನನ್ನೂ ಹೇಳಬೇಕಾಗಲಿಲ್ಲ. ಮಗುವಿನ ಬಾಯಿ ನೋಡಿದ್ದೇ ತಡ, ಅಜ್ಜ ಡ್ರಾಯರಿಗೆ ಕೈ ಹಾಕಿದ.

"ದನಿ ಬರ್ತಿರೋವಾಗ್ಲೇ ಪೊರೆ ಕೊಯ್ಯಬೇಕು. ಎರಡನ್ನೂ. ಕಿತ್ಕೊಂಡಿದ್ದನ್ನ ಬಿಡುತ್ತೆ. ಆದ್ರೆ ಕೊಟ್ಟಿದ್ದನ್ನ ತಗೊಂಡು ಹೋಗುತ್ತೆ."

"ಟೇಪು ಇರುತ್ತಲ್ಲ?"

"ಟೇಪಲ್ಲೂ ಇರಲ್ಲ ಸಾರ್. ನಿಮ್ಮ ತಲೆಯಲ್ಲೂ ಇರಲ್ಲ." ಅಜ್ಜ ಡ್ರಾಯರಿನಿಂದ ಬ್ಲೇಡು ತೆಗೆದು ಅವನ ಕೈಗಿಟ್ಟ. "ಆ ತಾಯಿಗೂ ಇದನ್ನೇ ಹೇಳಿದ್ದೆ. ಅವಳು ಕೊಯ್ಯಲಿಲ್ಲ. ಗಂಡನ್ನ ಹಾಗೇ ಬಿಟ್ಟುಬಿಟ್ಲು."

ಮನೆಗೆ ಬಂದಾಗ ಮುಸ್ಸಂಜೆ. ಕೋಣೆ ಕಪ್ಪಗಿತ್ತು. ಎರಡು ಕೆಂಪು ದೀಪ. ಸುಟ್ಟ ಕೂದಲಿನ ನಾತ. ದನಿಗಳು ನಿಂತೇ ಇರಲಿಲ್ಲ. ಮಗಳನ್ನು ಬಾಗಿಲ ಹೊರಗೆ ಕೂರಿಸಿ, ಬಲಗಡೆಯ ಹಲಗೆಯ ತಗಡು ಬಿಚ್ಚಿದ. ಪೊರೆ ಅವನ ಮೂಗಿನ ಮುಂದೆ ನಡುಗುತ್ತಿತ್ತು. ಬ್ಲೇಡು ಇಟ್ಟ. ಎಳೆದ. ಕೈಗೆ ಶಾಕು ಹೊಡೆದು ಮೊಣಕೈವರೆಗೆ ಜೋಮು ಹಿಡಿಯಿತು. ಪೊರೆ ಎರಡಾಗಿ ಸುರುಟಿಕೊಂಡಿತು.

ಈಗ ದನಿ ಎಡಗಡೆ ಮಾತ್ರ. ಒಂದೇ ಹಲಗೆ. ಒಂದೇ ಎಳೆ. ಅದರ ತಗಡನ್ನೂ ಬಿಚ್ಚಿದ. ಹೆಂಡತಿಯ ಉಸಿರು ಅವನ ಕೆನ್ನೆಗೇ ತಾಗಿತು. ಬೆಚ್ಚಗಿತ್ತು.

"ಬಳೆ" ಎಂದಳು. ಅವನು ಬ್ಲೇಡು ಎತ್ತಿದ. ಕೈ ಬರಲಿಲ್ಲ. "ಗೂಡು" ಎಂದಳು. ಕೈ ಬರಲಿಲ್ಲ. ಇನ್ನೊಂದು ಪದ. ಇನ್ನೊಂದೇ ಒಂದು ಪದ ಕೇಳಿಬಿಡುತ್ತೇನೆ. ಬಾಗಿಲಾಚೆ ದನಿಯಿಲ್ಲದ ಮಗಳು ಬಾಗಿಲು ಬಡಿಯುತ್ತಿದ್ದಳು, ಪುಟ್ಟ ಅಂಗೈಯಿಂದ.

"ಅಪ್ಪ" ಎಂದಳು ಹೆಂಡತಿ. "ಅಪ್ಪ" ಎಂದಿತು ಪೊರೆಯೊಳಗಿನ ಮಗು.

"ಸಾಕೇನ್ರೀ? ಗಂಟಲು ಒಣಗಿಹೋಯ್ತು. ನೀರು ಕೊಡಿ."

ಪಟ್ಟಿ ಮುಗಿದಿತ್ತು. ಇಷ್ಟು ಹೊತ್ತೂ ಮುಗಿದ ತಕ್ಷಣ ಮೊದಲಿಂದ ಶುರುವಾಗುತ್ತಿದ್ದದ್ದು ಈಗ ಶುರುವಾಗಲಿಲ್ಲ. ಪೊರೆ ಮಾತ್ರ ನಡುಗುತ್ತಿತ್ತು. ಅವಳು ಕಾಯುತ್ತಿದ್ದಳು. ಆಮೇಲೆ ಮೆಲ್ಲಗೆ, ಟೇಪಿನಲ್ಲಿ ಎಂದೂ ಇರದಿದ್ದ ಹಾಗೆ, ಮತ್ತೊಮ್ಮೆ ಕೇಳಿದಳು.

"ಸಾಕೇನ್ರೀ?"

ಅಂದು ರೆಕಾರ್ಡ್ ಮಾಡುವಾಗ ಅವನು ಉತ್ತರ ಕೊಡದೆ ಮೆಷಿನ್ನು ನಿಲ್ಲಿಸಿದ್ದ. ಆಸ್ಪತ್ರೆಯಲ್ಲಿ ಕೊನೆಯ ದಿನ ಕೂಡ ಅವಳಿಗೆ ಏನನ್ನೂ ಹೇಳಲು ಬಾಯಿ ಬಂದಿರಲಿಲ್ಲ.

"ಸಾಕು ಕಣೇ" ಎಂದ. ಕೊಯ್ದ.

ಕೆಂಪು ದೀಪ ಆರಿತು. ಕೋಣೆಯಲ್ಲಿ ಏನೂ ಕೇಳಲಿಲ್ಲ. ಬಾಗಿಲು ತೆರೆದ. ಮಗಳು ಹೊಸ್ತಿಲ ಮೇಲೆ ಕೂತಿದ್ದಳು, ಮುಖವೆಲ್ಲ ಒದ್ದೆ.

"ಅಪ್ಪಾ" ಎಂದಳು ಒಡಕು ದನಿಯಲ್ಲಿ. "ನೀರು."

ಅವನು ಲೋಟ ತುಂಬಿಸಿ ಅವಳ ಬಾಯಿಗೆ ಹಿಡಿದ.

ಆ ಹಲಗೆಗಳನ್ನು ಮರುದಿನ ಅಜ್ಜನೇ ಬಂದು ಒಯ್ದ. ಈ ಸಲ ಸುಟ್ಟ. ಟೇಪಿನಲ್ಲಿ ಬರೀ ಸರಸರ ಉಳಿದಿತ್ತು. ಅವನು ರಾತ್ರಿ ಹಗಲು ಹೆಂಡತಿಯ ದನಿ ನೆನಪಿಸಿಕೊಳ್ಳಲು ನೋಡಿದ. ಮುಖ ಇತ್ತು. ಕೈ ಇತ್ತು. ಅವಳು ಆಡಿದ ಮಾತೂ ಅಕ್ಷರ ಅಕ್ಷರ ಇತ್ತು. ಆದರೆ ಎಷ್ಟು ಸಲ ನೆನೆದರೂ ಆ ಮಾತುಗಳು ಅವನ ಕಿವಿಯಲ್ಲಿ ಅವನದೇ ಒಣ ಗಂಟಲಲ್ಲಿ ಕೇಳುತ್ತಿದ್ದವು.

ಬಟಾಣಿ ಮತ್ತೆ ಸಿಡಿಯತೊಡಗಿದಳು. ಒಂದು ಸಂಜೆ ಊಟಕ್ಕೆ ಕೂತಾಗ ಅವಳಿಗೆ ಆಟ ನೆನಪಾಯಿತು.

"ಅಪ್ಪಾ, ಅಮ್ಮ ಹೇಳ್ತಿದ್ದಳಲ್ಲ, ಹಾಗೆ ಹೇಳು. ನಾನು ತಿರುಗಿ ಹೇಳ್ತೀನಿ."

ಅವನು ತುತ್ತು ತಟ್ಟೆಯಲ್ಲೇ ಬಿಟ್ಟ. "ಮನೆ" ಎಂದ.

"ಹಾಗಲ್ಲಪ್ಪಾ. ಅಮ್ಮನ ಥರ."

"ಅಮ್ಮನ ಥರ ಹೇಗೆ, ನೀನೇ ತೋರ್ಸು ನೋಡೋಣ."

ಅವಳು ಉತ್ಸಾಹದಿಂದ ಬೆನ್ನು ನೆಟ್ಟಗೆ ಮಾಡಿ ಕೂತಳು. ಉಸಿರು ಎಳೆದುಕೊಂಡಳು. ಬಾಯಿ ತೆರೆದಳು. ತುಟಿ ಸೊಟ್ಟಗಾಯಿತು.

"ನಂಗೂ ಗೊತ್ತಿಲ್ಲ" ಎಂದಳು.