ಗುಲಾಬಿ ಮುಚ್ಚಳದ ಡಬ್ಬಿ

ಆ ಕಾಲದಲ್ಲಿ ನಮ್ಮ ಮೊರಾವಿಯಾ ಕಡೆ ಚಾಕಲೇಟ್ ಡಬ್ಬಿ ತಂದರೆ ಯಾರೂ ತಿನ್ನುತ್ತಿರಲಿಲ್ಲ. ಅದು ತಿನ್ನುವ ವಸ್ತುವೇ ಅಲ್ಲ, ಕೊಡುವ ವಸ್ತು. ಮಂಡಿ ನೋವಿನ ಡಾಕ್ಟರಿಗೆ ಒಂದು, ಬಂದ ಮಾಲಿನಲ್ಲಿ ನಮಗಾಗಿ ಒಂದಿಷ್ಟು ಎತ್ತಿಡುವ ಅಂಗಡಿಯಾಕೆಗೆ ಒಂದು, ಮನೆ ಕಟ್ಟಲು ಪರವಾನಗಿ ಕೊಡುವವರಿಗೆ ಒಂದು. ಪಡೆದವರು ಅದನ್ನು ಬೀರುವಿನಲ್ಲಿಟ್ಟು, ತಮಗೆ ಕೆಲಸ ಬಿದ್ದಾಗ ಇನ್ನೊಬ್ಬರಿಗೆ ದಾಟಿಸುತ್ತಿದ್ದರು. ಊರೆಲ್ಲ ಸುತ್ತಿದರೂ ಡಬ್ಬಿ ಮಾತ್ರ ಹೊಸದಾಗಿಯೇ ಇರುತ್ತಿತ್ತು.

ಪರವಾನಗಿ ಕೊಡುವವಳು ವೆಂಡುಲಾ. ಜಿಲ್ಲಾ ಕಚೇರಿಯ ಎರಡನೇ ಮಹಡಿಯಲ್ಲಿ ಅವಳ ಮೇಜು. ಅದಕ್ಕೆ ಅಂಟಿಕೊಂಡೇ ಎದುರಿಗೆ ರಾದಿಮ್‌ನ ಮೇಜು. ಜಮೀನಿನ ಗಡಿ ಸರಿಯಿದೆ ಎಂದು ಅವನು ಹೇಳಬೇಕು, ಆಮೇಲೆ ಇವಳು ಮೊಹರು ಒತ್ತಬೇಕು. ಹೀಗೆ ವರ್ಷಗಟ್ಟಲೆ ಎದುರುಬದುರು ಕೂತು ಇಬ್ಬರ ಯೌವನವೂ ಅರ್ಧ ಸವೆದಿತ್ತು.

ರಾದಿಮ್ ಫೈಲು ಕಟ್ಟುವುದನ್ನು ನೋಡುವುದೇ ಒಂದು ಚೆಂದ. ದಾರವನ್ನು ಎರಡು ಸುತ್ತು ಹಾಕಿ, ತುದಿಯನ್ನು ಅಡಿಯಿಂದ ಎಳೆದು ಒಂದು ಗಂಟು ಹಾಕುತ್ತಿದ್ದ. ಅದನ್ನು ಬಿಚ್ಚುವುದು ಅವನೊಬ್ಬನಿಗೇ ಗೊತ್ತು.

“ನೀವು ರಜಾ ಹಾಕಿದ ದಿನ ಈ ಫೈಲು ನಾನು ಹಲ್ಲಲ್ಲಿ ಬಿಚ್ಬೇಕಾ, ರಾದಿಮ್ ಅವರೇ?” ಎಂದು ವೆಂಡುಲಾ ಛೇಡಿಸುತ್ತಿದ್ದಳು.

“ಅದಕ್ಕೇ ನಾನು ರಜಾ ಹಾಕಲ್ಲ,” ಎಂದು ಅವನು ಗಾಜಿನ ಲೋಟದ ಕಾಫಿಗೆ ಚಮಚ ಹಾಕಿ ಕಲಕುತ್ತಿದ್ದ. ಸಕ್ಕರೆ ಕರಗಿ ಎಷ್ಟೋ ಹೊತ್ತಾದರೂ ಕಲಕುತ್ತಲೇ ಇರುತ್ತಿದ್ದ. ಕಣ್ಣು ಅವಳ ಮೇಲೆ. ಅವಳು ತಲೆ ಎತ್ತಿದರೆ ಥಟ್ಟನೆ ಕಿಟಕಿಯ ಕಡೆ. ಆ ಕಿಟಕಿಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ ಎನ್ನುವುದು ವೆಂಡುಲಾಗೆ ಚೆನ್ನಾಗಿ ಗೊತ್ತಿತ್ತು. ಒಂದು ದಿನ ಬಾಯಿ ಬಿಡುತ್ತಾನೆ ಎಂದು ಅವಳೂ ಕಾದಳು. ಪುಣ್ಯಾತ್ಮ ಬಿಡಲಿಲ್ಲ.

ಆಮೇಲೆ ಆ ನವೆಂಬರ್ ಬಂತು. ಜನ ಚೌಕದಲ್ಲಿ ನಿಂತು ಬೀಗದ ಕೈ ಗೊಂಚಲು ಅಲ್ಲಾಡಿಸಿ ಕಮ್ಯುನಿಸ್ಟ್ ಸರ್ಕಾರವನ್ನೇ ಇಳಿಸಿದರು. ಮುಂದಿನ ವರ್ಷ ಸುಧಾರಣೆ ಎರಡನೇ ಮಹಡಿಗೂ ಹತ್ತಿತು. ಹೊಸ ಮುಖ್ಯಾಧಿಕಾರಿ ಟೋಮಾನ್ ಎಲ್ಲರನ್ನೂ ಸೇರಿಸಿ ಹೇಳಿದ: “ಇನ್ಮೇಲೆ ನಾವು ಜನರ ಸೇವೆಗೆ ಇರೋರು. ಒಬ್ರು ಮಾಡೋ ಕೆಲ್ಸಕ್ಕೆ ಇಬ್ರು ಬೇಡ. ಗಡಿ, ಪರವಾನಗಿ ಎರಡೂ ಒಂದೇ ಮೇಜು. ಶುಕ್ರವಾರ ಪರೀಕ್ಷೆ. ಗೆದ್ದೋರು ಉಳೀತಾರೆ.”

ವೆಂಡುಲಾ ಲೆಕ್ಕ ಹಾಕಿದಳು. ಮನೆಯಲ್ಲಿ ನಡೆಯಲಾರದ ತಾಯಿ, ಈ ಸಂಬಳ ಬಿಟ್ಟರೆ ಗತಿಯಿಲ್ಲ. ಎದುರಿಗೆ ಸ್ಪರ್ಧಿಯೆಂದು ನಿಂತಿರುವವನು ರಾದಿಮ್.

ಅದೇ ಸಂಜೆ ಅವಳು ಕೋಟು ಹಾಕಿಕೊಳ್ಳುತ್ತಿದ್ದಾಗ ರಾದಿಮ್ ಅವಳ ಮೇಜಿನ ಮೇಲೆ ಒಂದು ಚಾಕಲೇಟ್ ಡಬ್ಬಿ ಇಟ್ಟ. ಮುಚ್ಚಳದ ಮೇಲೆ ಕೆಂಪು ಗುಲಾಬಿಗಳು. ಕಿವಿಯ ತುದಿಯವರೆಗೆ ಅವನ ಮುಖವೂ ಅಷ್ಟೇ ಕೆಂಪು.

“ನಿಮಗೆ. ಹೌದೋ ಅಲ್ವೋ, ನಾಳೆ ಹೇಳಿ ಸಾಕು. ನನಗೆ ಬಾಯಲ್ಲಿ ಕೇಳೋಕೆ ಬರಲ್ಲ,” ಎಂದವನು ಮೆಟ್ಟಿಲು ಇಳಿದೇ ಹೋದ.

ವೆಂಡುಲಾ ಡಬ್ಬಿಯನ್ನೇ ನೋಡಿದಳು. ಈ ಮೇಜಿನ ಮೇಲೆ ಜೀವಮಾನದಲ್ಲಿ ಯಾರೂ ಕೆಲಸವಿಲ್ಲದೆ ಡಬ್ಬಿ ಇಟ್ಟಿರಲಿಲ್ಲ. ಪರೀಕ್ಷೆ ಎದುರಿಗಿರುವಾಗ ಇಡುತ್ತಾನೆಂದರೆ ಅರ್ಥವೇನು? ನೀನು ಹಿಂದೆ ಸರಿ, ನೌಕರಿ ನನಗೆ ಬಿಡು. ಇಷ್ಟು ವರ್ಷ ಎದುರಿಗೆ ಕೂತವನು ತನ್ನನ್ನೂ ಡಬ್ಬಿ ತೋರಿಸಿ ಕೊಳ್ಳಬಹುದು ಎಂದುಕೊಂಡನಲ್ಲ ಎಂದು ಅವಳಿಗೆ ಅಳು ಬಂತು. ಮರುದಿನ ಬೆಳಿಗ್ಗೆ ದಾರಿಯಲ್ಲೇ ಅದನ್ನು ತಾಯಿಯ ಡಾಕ್ಟರಿಗೆ ದಾಟಿಸಿದಳು.

“ಇಲ್ಲ,” ಎಂದಳು, ಕಚೇರಿಗೆ ಬಂದವಳೇ. “ಹೀಗೆ ಕೇಳೋಕೆ ನಿಮಗಾದ್ರೂ ನಾಚ್ಕೆ ಆಗ್ಬೇಕಿತ್ತು.”

ರಾದಿಮ್‌ನ ಮುಖ ಬಿಳಿಚಿಕೊಂಡಿತು. “ತಪ್ಪಾಯ್ತು,” ಎಂದಷ್ಟೇ ಹೇಳಿ ಕೋಟು ತೆಗೆದುಕೊಂಡು ಹೊರಟ. ಪರೀಕ್ಷೆಗೆ ಕೂರಲಿಲ್ಲ. ಬೆಟ್ಟದ ಕಡೆ ಹಳೇ ಸರ್ಕಾರ ಕಿತ್ತುಕೊಂಡಿದ್ದ ಅವನ ತಾತನ ಮರ ಕೊಯ್ಯುವ ಮಿಲ್ಲನ್ನು ಹೊಸ ಸರ್ಕಾರ ಮನೆಯವರಿಗೆ ವಾಪಸ್ ಕೊಟ್ಟಿದೆಯಂತೆ, ಅಣ್ಣನ ಜೊತೆ ಅಲ್ಲಿಗೆ ಹೋದನಂತೆ ಎಂದು ಬಾಗಿಲು ಕಾಯುವ ಹೆಡ್ವಿಕಾ ಸುದ್ದಿ ತಂದಳು.

ವೆಂಡುಲಾ ನೌಕರಿ ಗೆದ್ದಳು. ಎದುರಿನ ಮೇಜನ್ನು ಆಳುಗಳು ಎತ್ತಿಕೊಂಡು ಹೋದರು. ಹಳೆಯ ಫೈಲುಗಳ ಗಂಟು ಬಿಚ್ಚಲಾಗದೆ ಅವಳು ಕತ್ತರಿ ತಂದಳು. ಕತ್ತರಿಸಿದ ಗಂಟುಗಳನ್ನು ಎಸೆಯಲು ಮನಸ್ಸಾಗದೆ ಮೇಜಿನ ಡ್ರಾಯರಿಗೆ ಹಾಕುತ್ತಿದ್ದಳು. ಮೋಸ ಮಾಡಿದವನ ಮೇಲೆ ಇದೆಂಥ ಮೋಹ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಈಸ್ಟರ್ ಹತ್ತಿರವಾದಾಗ ಟೋಮಾನ್ ಇನ್ನೊಂದು ಆಜ್ಞೆ ಹೊರಡಿಸಿದ: ಕಚೇರಿಯಲ್ಲಿ ಯಾರೂ ಯಾರಿಂದಲೂ ಕಾಣಿಕೆ ಮುಟ್ಟಕೂಡದು. ಆ ವಾರವೇ ಬೇಕರಿಯ ಕುಬಾತ್ ತನ್ನ ಅಂಗಡಿ ವಿಸ್ತರಿಸುವ ಪರವಾನಗಿಗೆ ಬಂದವನು ಅಭ್ಯಾಸಬಲದಿಂದ ಬಗಲಿನ ಡಬ್ಬಿ ತೆಗೆದು ಮುಂದಿಟ್ಟ.

“ತಗೊಂಡು ಹೋಗಿ. ಇದೆಲ್ಲ ನಿಂತೋಯ್ತು,” ಎಂದಳು ವೆಂಡುಲಾ.

“ವಾಪಸ್ ಹೊತ್ಕೊಂಡು ಹೋದ್ರೆ ಅಪಶಕುನ ಕಣಮ್ಮ. ನಾನೇನು ಕಾಸು ಕೊಟ್ಟು ತಂದಿದ್ದಾ? ಹಲ್ಲಿನ ಡಾಕ್ಟ್ರಿಗೆ ಬ್ರೆಡ್ ಕೊಟ್ಟಿದ್ದಕ್ಕೆ ಅವ್ರು ಕೊಟ್ಟಿದ್ದು,” ಎಂದ ಕುಬಾತ್ ಹೊರಟೇಬಿಟ್ಟ.

ಹೆಡ್ವಿಕಾ ಕಾಫಿ ತಂದವಳು ಡಬ್ಬಿ ನೋಡಿ ಕಣ್ಣರಳಿಸಿದಳು. “ಕಾಮ್ರೇಡ್... ಛೆ, ಮೇಡಂ, ಹಾಳು ನಾಲಿಗೆ ಇನ್ನೂ ತಿರುಗಲ್ಲ ನೋಡಿ. ಕೊಡೋಕೆ ಇನ್ನು ಯಾರೂ ಉಳಿದಿಲ್ವಲ್ಲ, ನಾವೇ ತಿಂದ್ಬಿಡೋಣ. ಒಳಗೇನಿರುತ್ತೆ ಅಂತ ಸಾಯೋದ್ರೊಳಗೆ ಒಂದ್ಸಲ ನೋಡ್ತೀನಿ.”

ನಗುತ್ತಾ ತಿರುಗಿದ ವೆಂಡುಲಾ ಆಗಲೇ ಡಬ್ಬಿಯನ್ನು ಸರಿಯಾಗಿ ನೋಡಿದ್ದು. ಮುಚ್ಚಳದ ಮೇಲೆ ಕೆಂಪು ಗುಲಾಬಿಗಳು. ಸುತ್ತಿದ ರಿಬ್ಬನ್ನಿಗೆ ಎರಡು ಸುತ್ತು, ಅಡಿಯಿಂದ ಎಳೆದ ಗಂಟು. ಊರೆಲ್ಲ ಸುತ್ತಿ ಬಂದರೂ ಆ ಗಂಟನ್ನು ಯಾರೂ ಮುಟ್ಟಿರಲಿಲ್ಲ.

ಅವಳು ಕತ್ತರಿ ತೆಗೆದು ರಿಬ್ಬನ್ ಕತ್ತರಿಸಿ ಮುಚ್ಚಳ ಎತ್ತಿದಳು. ಒಳಗೆ ಚಾಕಲೇಟುಗಳು ಹಳತಾಗಿ ಬಿಳಿ ಹಿಡಿದಿದ್ದವು. ನಟ್ಟ ನಡುವಿನ ಗುಳಿಯಲ್ಲಿ ಚಾಕಲೇಟ್ ಇರಲಿಲ್ಲ. ಕೆಂಪು ಕಲ್ಲಿನ ಒಂದು ಹಳೆಯ ಉಂಗುರ ಇತ್ತು.

“ಅಯ್ಯೋ ದೇವರೇ,” ಎಂದಳು ಹೆಡ್ವಿಕಾ. “ಇದು ರಾದಿಮ್ ಅಜ್ಜಿದು. ಚರ್ಚಲ್ಲಿ ಆಯಮ್ಮನ ಬೆರಳಲ್ಲಿ ನೋಡಿದೀನಿ.”

ವೆಂಡುಲಾಗೆ ಕಣ್ಣು ತುಂಬಿ ಬಂತು. ಹೌದೋ ಅಲ್ವೋ ಎಂದು ಅವನು ಕೇಳಿದ್ದು ಇದನ್ನು. ಇಲ್ಲ ಎಂದಿದ್ದಲ್ಲದೆ ನಾಚಿಕೆಯಾಗಬೇಕಿತ್ತು ಎಂದೂ ಅಂದಿದ್ದಳು.

“ಅಳೋದು ಆಮೇಲೆ ಅಳು ಹುಡುಗಿ,” ಎಂದು ಹೆಡ್ವಿಕಾ ಅವಳ ಕೋಟು ತಂದು ಹೆಗಲಿಗೆ ಹಾಕಿದಳು. “ಬೆಟ್ಟದ ಬಸ್ಸು ಮಧ್ಯಾಹ್ನಕ್ಕಿದೆ. ಟೋಮಾನ್ ಕೇಳಿದ್ರೆ ಜನರ ಸೇವೆಗೆ ಹೋದ್ಲು ಅಂತೀನಿ.”

ಮಿಲ್ಲಿನ ಅಂಗಳದ ತುಂಬ ಹಸಿ ಮರದ ವಾಸನೆ. ರಾದಿಮ್ ಹಲಗೆಗಳನ್ನು ಒಟ್ಟಿ ಹಗ್ಗ ಬಿಗಿಯುತ್ತಿದ್ದ, ಎರಡು ಸುತ್ತು ಹಾಕಿ. ಅವಳನ್ನು ಕಂಡು ಹಗ್ಗ ಕೈಬಿಟ್ಟ.

“ನಾನು ಡಬ್ಬಿ ತೆಗೆದೇ ಇರ್ಲಿಲ್ಲ,” ಎಂದಳು ವೆಂಡುಲಾ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಗಿತ್ತು. “ಪರೀಕ್ಷೆ ಬಿಟ್ಬಿಡು ಅಂತ ಲಂಚ ಕೊಟ್ರಿ ಅಂದ್ಕೊಂಡೆ. ಡಾಕ್ಟ್ರಿಗೆ ಕೊಟ್ಬಿಟ್ಟೆ.”

ರಾದಿಮ್ ಅವಳ ಕೈಯಲ್ಲಿದ್ದ ಡಬ್ಬಿಯನ್ನೂ ಅವಳನ್ನೂ ನೋಡಿದ. ಆಮೇಲೆ ಹಲಗೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕ.

“ಇಷ್ಟು ವರ್ಷ ಕಚೇರೀಲಿದ್ದೆ. ಡಬ್ಬಿ ಯಾರೂ ತೆಗೆಯಲ್ಲ ಅಂತ ನನಗೇ ಹೊಳೀಲಿಲ್ವಲ್ಲ.”

“ಪರೀಕ್ಷೆಗೆ ಯಾಕೆ ಕೂರ್ಲಿಲ್ಲ?”

“ಮೇಜು ಒಂದೇ ಅಂದ್ರು. ಯಾರು ಗೆದ್ರೂ ಎದುರಿಗೆ ನೀವು ಇರಲ್ಲ ಅಂತಾಯ್ತು. ಅದಕ್ಕೇ ಅವತ್ತೇ ಕೇಳಿದ್ದು. ನೀವು ಇಲ್ಲ ಅಂದ್ಮೇಲೆ, ಖಾಲಿ ಗೋಡೆ ನೋಡ್ತಾ ಕೂರೋಕೆ ನನಗ್ಯಾಕೆ ಆ ನೌಕರಿ?”

ವೆಂಡುಲಾ ಡಬ್ಬಿಯನ್ನು ಅವನ ಮಡಿಲಲ್ಲಿಟ್ಟಳು. “ಈಗ ಕೇಳು. ಡಬ್ಬಿ ಕೈಲಿ ಬೇಡ, ಬಾಯಲ್ಲಿ ಕೇಳು.” ಮೊದಲ ಸಲ ಅವನನ್ನು ನೀನು ಎಂದಿದ್ದಳು.

ಅವನು ಕೇಳಿದ, ತೊದಲುತ್ತಾ. ಹೌದು ಎಂದಳು. ಬಿಳಿ ಹಿಡಿದ ಚಾಕಲೇಟನ್ನು ಇಬ್ಬರೂ ಅರ್ಧರ್ಧ ತಿಂದರು. ಸೋಪಿನ ರುಚಿಯಿತ್ತು.

ಈಗ ಇಬ್ಬರ ತಲೆಯೂ ನರೆತಿದೆ. ಆ ಕಚೇರಿಯಲ್ಲಿ ಈಗ ಬ್ಯಾಂಕ್ ಇದೆ. ಅವರ ಮನೆಗೆ ಯಾರಾದರೂ ಚಾಕಲೇಟ್ ತಂದರೆ, ಬಂದವರು ಬೂಟು ಬಿಚ್ಚುವ ಮೊದಲೇ ವೆಂಡುಲಾ ಬಾಗಿಲಲ್ಲೇ ನಿಂತು ಡಬ್ಬಿ ತೆಗೆಯುತ್ತಾಳೆ. ನಡುವಿನ ಗುಳಿಯನ್ನು ಒಮ್ಮೆ ನೋಡಿ, ಆಮೇಲೆ ಎಲ್ಲರಿಗೂ ಹಂಚುತ್ತಾಳೆ.